ತರ್ಕಶಾಸ್ತ್ರ ಬಾರದವರೂ ವಿಟ್ಗೆನ್‌ಸ್ಟೈನ್‌ನನ್ನು ಓದಬಹುದು

ಸಂಪಾದಕರಿಗೆ,

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಆಸ್ಟ್ರಿಯಾ ಮೂಲದ ತತ್ತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನ್ ಕುರಿತ ಲೇಖನ ಓದಿದೆ. ತರ್ಕಶಾಸ್ತ್ರದ ದಿಗ್ಗಜರಾದ ಫ್ರೆಗೆ, ರಸೆಲ್ ಇಬ್ಬರನ್ನೂ ಅರಗಿಸಿಕೊಳ್ಳದೆ ಇವನ ಪುಸ್ತಕ ಮುಟ್ಟಿ ಪ್ರಯೋಜನವಿಲ್ಲ ಎಂದಿದ್ದಾರೆ ಲೇಖಕರು. 1921ರಲ್ಲಿ ಬಂದ ಅವನ ತರ್ಕದ ಪುಸ್ತಕ ‘ಟ್ರಾಕ್ಟೇಟಸ್’ ಮಟ್ಟಿಗೆ ಒಪ್ಪುತ್ತೇನೆ. ನಾನೂ ಅದರಿಂದಲೇ ಶುರು ಮಾಡಿ, ಅದರ ಏಳು ಮುಖ್ಯ ವಾಕ್ಯಗಳಲ್ಲಿ ಮೂರನೆಯದನ್ನು ದಾಟಲಾಗದೆ ಎರಡು ವರ್ಷ ಪುಸ್ತಕ ಮುಚ್ಚಿಟ್ಟಿದ್ದೆ. ಆದರೆ ಅವನು ತೀರಿಕೊಂಡ ಮೇಲೆ, 1953ರಲ್ಲಿ ಬಂದ ‘ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್’ಗೂ ಅದೇ ಬೇಲಿ ಹಾಕುವುದು ಸರಿಯಲ್ಲ.

ನಾನು ಕುಂದಾಪುರದ ಕಡೆಯ ಹಳ್ಳಿಯಲ್ಲಿ 31 ವರ್ಷ ಪ್ರಾಥಮಿಕ ಶಾಲೆ ಟೀಚರಾಗಿದ್ದವಳು. ಈ ಪುಸ್ತಕದ ಮೊದಲ ಭಾಗದಲ್ಲಿ 693 ಪರಿಚ್ಛೇದಗಳಿವೆ, ಎಷ್ಟೋ ಮೂರು ನಾಲ್ಕು ಸಾಲಿನವು. ಎರಡನೆಯದರಲ್ಲೇ ಒಬ್ಬ ಮೇಸ್ತ್ರಿ, ಒಬ್ಬ ಸಹಾಯಕ ಬರುತ್ತಾರೆ. ಅವರ ಭಾಷೆಯಲ್ಲಿ ಇರುವುದು ನಾಲ್ಕೇ ಪದ: ಕಲ್ಲು, ಕಂಬ, ಚಪ್ಪಡಿ, ತೊಲೆ. ಇವನು ಕೂಗುತ್ತಾನೆ, ಅವನು ತಂದುಕೊಡುತ್ತಾನೆ.

ಅದನ್ನು ಓದಿದ ವಾರವೇ ನಮ್ಮ ಹಿತ್ತಲಲ್ಲಿ ಕೆಂಪುಕಲ್ಲಿನ ಕಾಂಪೌಂಡ್ ಏಳುತ್ತಿತ್ತು. ಮೇಸ್ತ್ರಿ ‘ಕಲ್ಲ್!’ ಎಂದ ಕೂಡಲೇ ಹುಡುಗ ಕಲ್ಲು ಹೊತ್ತು ತರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಸಾಲಿನದೊಂದು ಜಾರಿತು. ಮೇಸ್ತ್ರಿ ಕೂಗಿದ್ದು ಅದೇ ‘ಕಲ್ಲ್!’ ಹುಡುಗ ಕಲ್ಲು ತರಲಿಲ್ಲ, ಹಿಂದಕ್ಕೆ ಹಾರಿದ. ಚಾ ಲೋಟ ಹಿಡಿದು ಅಲ್ಲೇ ನಿಂತಿದ್ದ ನನಗೆ ಮೈ ಜುಂ ಎಂದಿತು. ಕ್ರಿಯಾಪದವಿಲ್ಲದ ವಾಕ್ಯ ಅಪೂರ್ಣ ಎಂದು ಎಷ್ಟು ನೋಟ್‌ಬುಕ್‌ಗಳಲ್ಲಿ ಕೆಂಪು ಗೆರೆ ಎಳೆದಿದ್ದೇನೆ! ಹತ್ತೊಂಬತ್ತನೆಯ ಪರಿಚ್ಛೇದದಲ್ಲಿ ವಿಟ್ಗೆನ್‌ಸ್ಟೈನ್ ಕೇಳುವುದು ಇದನ್ನೇ: ‘ಚಪ್ಪಡಿ!’ ಎಂಬುದು ‘ಚಪ್ಪಡಿ ತಂದುಕೊಡು’ ಎಂಬುದರ ಮೊಟಕು ರೂಪ ಎನ್ನುತ್ತೀರಲ್ಲ, ಎರಡನೆಯದೇ ಮೊದಲನೆಯದನ್ನು ಉದ್ದ ಮಾಡಿದ್ದು ಎಂದರೇನು ತಪ್ಪು?

ಪುಸ್ತಕ ಕಷ್ಟವಾಗುವುದು ಬೇರೊಂದು ಕಾರಣಕ್ಕೆ. ಅದರಲ್ಲಿ ಮಾತಾಡುವವರು ಇಬ್ಬರು. ಆರಂಭದ ಮಾತೇ ವಿಟ್ಗೆನ್‌ಸ್ಟೈನ್‌ನದಲ್ಲ, ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನನದು. ಮುಂದೆಯೂ ಒಬ್ಬ ಎದುರಾಳಿ ನಡುನಡುವೆ ಆಕ್ಷೇಪ ಎತ್ತುತ್ತಲೇ ಇರುತ್ತಾನೆ. ಎಲ್ಲವನ್ನೂ ಲೇಖಕನ ಅಭಿಪ್ರಾಯ ಎಂದುಕೊಂಡರೆ ದಾರಿ ತಪ್ಪಿದ ಹಾಗೆಯೇ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಹೊಸತಲ್ಲ. ಯಾವ ಮಾತು ಯಾವ ಅರ್ಥಧಾರಿಯದು ಎಂದು ಗುರುತಿಸಿಕೊಂಡು, ದಿನಕ್ಕೊಂದು ಪರಿಚ್ಛೇದ ಗಟ್ಟಿಯಾಗಿ ಓದಿದರೆ ಎರಡು ದನಿಗಳೂ ಬೇರೆಬೇರೆಯಾಗಿ ಕೇಳತೊಡಗುತ್ತವೆ.

ಆಮೇಲೆ ಅವನ ಮಾತನ್ನು ನಮ್ಮ ಮಾತಿಗೆ ಹಚ್ಚಿ ನೋಡಬೇಕು. ಅರವತ್ತಾರನೆಯದರಲ್ಲಿ ‘ಆಟ’ಗಳೆಲ್ಲದರಲ್ಲೂ ಸಮಾನವಾಗಿ ಇರುವುದೇನು ಎಂದು ಕೇಳಿ, ಯೋಚಿಸಬೇಡ, ನೋಡು ಎನ್ನುತ್ತಾನೆ. ನಾನು ನೋಡಿದೆ. ಚೆನ್ನೆಮಣೆ, ಲಗೋರಿ, ಕಬಡ್ಡಿ. ನಮ್ಮ ಕರಾವಳಿಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನವೂ ಆಟವೇ. ‘ನಿನ್ನ ಆಟ ನನ್ನ ಹತ್ರ ನಡೆಯುವುದಿಲ್ಲ’ ಎಂಬಲ್ಲಿಯೂ ಆಟ. ಇವೆಲ್ಲಕ್ಕೂ ಹೊಂದುವ ಒಂದೇ ಲಕ್ಷಣ ನನಗೆ ಸಿಗಲಿಲ್ಲ. ಒಂದು ಮನೆಯವರ ಮೂಗು, ನಡಿಗೆ, ಕಣ್ಣು ಅಲ್ಲಲ್ಲಿ ಹೋಲುವಂಥ ಹೋಲಿಕೆ ಮಾತ್ರ ಸಿಕ್ಕಿತು. ಮುಂದಿನ ಪರಿಚ್ಛೇದದಲ್ಲಿ ಅವನು ಹೇಳಿದ್ದೂ ಅದೇ.

ಇನ್ನೊಂದು ಮಾತು. 1920ರಿಂದ 1926ರವರೆಗೆ ಆಸ್ಟ್ರಿಯಾದ ಟ್ರಾಟನ್‌ಬಾಖ್‌ನಂಥ ಹಳ್ಳಿಗಳಲ್ಲಿ ಅವನು ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದ, ಮಕ್ಕಳಿಗಾಗಿ ಒಂದು ಪದಕೋಶವನ್ನೂ ಮಾಡಿದ. ಮಗುವೊಂದಕ್ಕೆ ಹೊಡೆದ ಪ್ರಕರಣದ ಬಳಿಕ ಕೆಲಸ ಬಿಟ್ಟ. ಟೀಚರಾಗಿ ನಾನು ಅದನ್ನು ಕ್ಷಮಿಸಲಾರೆ. ಆದರೂ ಮಗು ಮಾತು ಕಲಿಯುವುದು ಹೇಗೆ ಎಂಬ ಪ್ರಶ್ನೆಗೆ ಈ ಪುಸ್ತಕ ಮತ್ತೆ ಮತ್ತೆ ಮರಳುವಾಗ, ತರಗತಿಯಲ್ಲಿ ನಿಂತವನ ಕಣ್ಣು ಅಲ್ಲಿದೆ ಎಂದೇ ನನಗೆ ಅನ್ನಿಸುತ್ತದೆ.

ಪುರವಣಿಯ ಒಂದು ಮೂಲೆಯಲ್ಲಿ ವಾರಕ್ಕೊಂದು ಪರಿಚ್ಛೇದವನ್ನು ಕನ್ನಡಕ್ಕೆ ತಂದು ಪ್ರಕಟಿಸಬೇಕೆಂದು ಕೋರುತ್ತೇನೆ. ಹತ್ತು ಸಾಲು ಸಾಕು. ವ್ಯಾಖ್ಯಾನ ಬೇಡ, ಓದುಗರು ತಮ್ಮೂರಿನ ಉದಾಹರಣೆ ಬರೆದು ಕಳಿಸಲಿ.

– ನಿವೃತ್ತ ಶಿಕ್ಷಕಿ, ಕುಂದಾಪುರ ತಾಲ್ಲೂಕು