ಆಮ್ಲಜನಕದ ಸಂದೇಶ ನಂಬಿ ಕಿಮೊ ಬಿಡಬೇಡಿ

ಮಾನ್ಯ ಸಂಪಾದಕರೇ,

ನಮ್ಮಕ್ಕನಿಗೆ ಸ್ತನ ಕ್ಯಾನ್ಸರ್. ನಾಲ್ಕನೇ ಕಿಮೊ ಮುಗಿಸಿ ಮನೆಗೆ ಬಂದ ವಾರವೇ ಅವಳ ಮೊಬೈಲಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಬಂತು. ಆಮ್ಲಜನಕ ಇದ್ದಲ್ಲಿ ಕ್ಯಾನ್ಸರ್ ಬದುಕುವುದಿಲ್ಲವಂತೆ. ಅದನ್ನು ಕಂಡುಹಿಡಿದಿದ್ದಕ್ಕೆ ಒಟ್ಟೊ ವಾರ್‌ಬರ್ಗ್‌ಗೆ ನೊಬೆಲ್ ಕೊಟ್ಟರಂತೆ. ಕಿಮೊ ಬಿಟ್ಟು ಎರಡು ಹೊತ್ತು ಪ್ರಾಣಾಯಾಮ ಮಾಡಿದರೆ ಸಾಕಂತೆ. ‘ಹೌದೇನೇ?’ ಅಂತ ಅಕ್ಕ ಕೇಳಿದಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಆದರೂ ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಕೂತು ಓದಿದೆ. ಇಂಥ ಸಂದೇಶ ಇನ್ನೆಷ್ಟು ಮನೆಗೆ ಹೋಗಿದೆಯೋ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂದಿದ್ದು ಕೋಶಗಳ ಉಸಿರಾಟದ ಕಿಣ್ವವೊಂದರ ಬಗೆಗಿನ ಕೆಲಸಕ್ಕೆ, ಕ್ಯಾನ್ಸರ್ ಔಷಧಿಗಲ್ಲ.

ಗಡ್ಡೆಯೊಳಗೆ ಆಮ್ಲಜನಕ ಕಡಿಮೆ ಅನ್ನುವುದೇನೋ ನಿಜ. ಅಲ್ಲಿ ಕೋಶಗಳು ಬೆಳೆಯುವ ವೇಗಕ್ಕೆ ರಕ್ತನಾಳಗಳು ಬೆಳೆಯುವುದಿಲ್ಲ. ಬೆಳೆದವೂ ಸೊಟ್ಟಪಟ್ಟ, ಸೋರುವಂಥವು. ನಾಳದಿಂದ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದೂರ ದಾಟಿದರೆ ಆಮ್ಲಜನಕ ತಲುಪುವುದೇ ಕಷ್ಟ. ಅಲ್ಲಿ ಉಸಿರುಗಟ್ಟಿದ ಕೋಶಗಳಲ್ಲಿ ಒಂದಷ್ಟು ಸಾಯುತ್ತವೆ. ಉಳಿದವು ಆ ಕೊರತೆಯಲ್ಲೂ ಬದುಕುವಷ್ಟು ಗಟ್ಟಿಯಾಗುತ್ತವೆ. ಅಪಾಯ ಇರುವುದು ಇಲ್ಲೇ.

ಎಚ್‌ಐಎಫ್-1 ಎಂಬ ಪ್ರೋಟೀನ್ ಇದೆ. ಆಮ್ಲಜನಕ ಸಾಕಷ್ಟಿದ್ದಾಗ ಅದರ ಒಂದು ಭಾಗವನ್ನು ಕೋಶವೇ ನಿಮಿಷಗಳಲ್ಲಿ ನಾಶ ಮಾಡುತ್ತದೆ. ಆಮ್ಲಜನಕ ಇಳಿದರೆ ಅದು ಉಳಿದುಕೊಂಡು ನೂರಾರು ಜೀನ್‌ಗಳನ್ನು ಎಚ್ಚರಿಸುತ್ತದೆ. ಇದನ್ನು ಕಂಡುಹಿಡಿದವರು ಅಮೆರಿಕದ ಗ್ರೆಗ್ ಸೆಮೆಂಜಾ. 2019ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು. ಅವರ ತಂಡ 2016ರಲ್ಲಿ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಇನ್ನೊಂದು ವಿಷಯ ತೋರಿಸಿತು. ನ್ಯಾನಾಗ್ ಎಂಬ ಜೀನ್‌ನ ಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸಲು ಬಳಕೆಯಾಗುವ ಅದರ ನಕಲಿನ ಮೇಲೆ ಒಂದು ಸಣ್ಣ ರಾಸಾಯನಿಕ ಗುರುತು ಇರುತ್ತದೆ. ಗುರುತು ಇದ್ದರೆ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಆಮ್ಲಜನಕ ಕಡಿಮೆಯಾದಾಗ ಎಚ್‌ಐಎಫ್ ಒಂದು ಕಿಣ್ವವನ್ನು ಹೆಚ್ಚಿಸುತ್ತದೆ, ಆ ಕಿಣ್ವ ಗುರುತನ್ನು ಅಳಿಸುತ್ತದೆ. ಆಗ ನ್ಯಾನಾಗ್ ಜಾಸ್ತಿಯಾಗಿ ಕೋಶಕ್ಕೆ ಕಾಂಡಕೋಶದ ಗುಣ ಬರುತ್ತದೆ. ಕ್ಯಾನ್ಸರ್ ಕಾಂಡಕೋಶ ಅಂದರೆ ಹೊಸ ಗಡ್ಡೆಯನ್ನೇ ಹುಟ್ಟಿಸಬಲ್ಲ ಕೋಶ. 2003ರಲ್ಲಿ ಮಿಶಿಗನ್‌ನ ವಿಜ್ಞಾನಿಗಳು ಇಂಥ ಬರೀ ನೂರು ಕೋಶ ಹಾಕಿದಾಗ ಇಲಿಗಳಲ್ಲಿ ಗಡ್ಡೆ ಬೆಳೆದಿತ್ತು. ಅದೇ ಗಡ್ಡೆಯ ಬೇರೆ ಕೋಶಗಳನ್ನು ಸಾವಿರಾರು ಹಾಕಿದರೂ ಬೆಳೆಯಲಿಲ್ಲ.

ಹಾಗಾದರೆ ಜೋರಾಗಿ ಉಸಿರೆಳೆದರೆ ಆಯ್ತಲ್ವಾ? ಅಕ್ಕನೂ ಇದನ್ನೇ ಕೇಳಿದಳು. ಶ್ವಾಸಕೋಶ ಚೆನ್ನಾಗಿರುವವರ ರಕ್ತದಲ್ಲಿ ಆಮ್ಲಜನಕ ಆಗಲೇ ಹೆಚ್ಚುಕಡಿಮೆ ತುಂಬಿರುತ್ತದೆ. ತೊಂದರೆ ಇರುವುದು ಗಡ್ಡೆಯೊಳಗಿನ ದಾರಿಯಲ್ಲಿ. ಟ್ಯಾಂಕ್ ತುಂಬಿದ್ದರೂ ಪೈಪ್ ಕಟ್ಟಿಕೊಂಡ ಮನೆಗೆ ನೀರು ಹೋಗುವುದಿಲ್ಲ. ಪ್ರಾಣಾಯಾಮದಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಖಂಡಿತ ಮಾಡಲಿ. ಅದು ಕಿಮೊ ಜಾಗಕ್ಕೆ ಬರಬಾರದು ಅಷ್ಟೇ.

ಆಮ್ಲಜನಕ ಇಲ್ಲದ ಕೋಶಗಳಿಗೆ ‘ಕರೆಂಟ್ ಕೊಡುವ’ ಚಿಕಿತ್ಸೆಯೂ, ಅಂದರೆ ವಿಕಿರಣ ಚಿಕಿತ್ಸೆಯೂ, ಅಷ್ಟು ಸುಲಭವಾಗಿ ನಾಟುವುದಿಲ್ಲ. ಅವನ್ನು ಕೊಲ್ಲಲು ಎರಡೂವರೆ, ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ಆಪರೇಷನ್, ಕಿಮೊ, ಕರೆಂಟ್, ವರ್ಷಗಟ್ಟಲೆ ಮಾತ್ರೆ ಅಂತ ಡಾಕ್ಟರುಗಳು ಒಂದರ ಮೇಲೊಂದು ಹೇಳಿದಾಗ ನಮಗೆ ಸಾಕಾಗಿಹೋಗುತ್ತದೆ. ಗಡ್ಡೆ ಕೈಗೆ ಸಿಗದಷ್ಟು ಚಿಕ್ಕದಾದರೆ ಇನ್ಯಾಕೆ ಅನ್ನಿಸುತ್ತದೆ. ಒಂದು ಬಗೆಯ ಚಿಕಿತ್ಸೆಗೆ ಬಗ್ಗದ ಕೋಶಗಳು ಉಳಿದಿರಬಹುದು ಅಂತಲೇ ಅವರು ಹಾಗೆ ಹೇಳುವುದು. ಇದನ್ನು ಯಾರಾದರೂ ಮೊದಲೇ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಅಕ್ಕ ಎರಡು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಭಾರತದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದು. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಇದಕ್ಕೆ ದಿನಾ ಚಿಕಿತ್ಸೆ ಕೊಡುವ ವೈದ್ಯರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಕಾಂಡಕೋಶಗಳ ಮೇಲೇ ಸಂಶೋಧನೆ ನಡೆದಿದೆ. ಅವರಿಂದ ಸರಳ ಕನ್ನಡದಲ್ಲಿ ಬರೆಸಿ, ಓದುಗರ ಪ್ರಶ್ನೆಗಳಿಗೆ ವಾರಕ್ಕೊಮ್ಮೆ ಉತ್ತರ ಕೊಡಿಸಿ. ಅಕ್ಕ ಐದನೇ ಕಿಮೊ ತಗೊಂಡಿದ್ದಾಳೆ. ಆ ಸಂದೇಶ ಕಳಿಸಿದವರಿಗೆ ನಿಮ್ಮ ಪತ್ರಿಕೆಯ ಪುಟವನ್ನೇ ಕಳಿಸುತ್ತೇನೆ ಅಂದಿದ್ದಾಳೆ.

– ನಿವೃತ್ತ ಶಿಕ್ಷಕಿ, ಹಾಸನ