ಬೈಟು ಕಾಫಿ ಕುಡಿದಾಯ್ತು, ಇನ್ನು ಎಲ್ಲಿ ಕೂರೋದು?

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಾನೂ ನಮ್ಮನೆಯವರೂ ಜಗಳ ಆಡೋಕೆ ಅಂತಲೇ ಗಾಂಧಿ ಬಜಾರಿಗೆ ಹೋಗಿದ್ದೆವು. ತಮಾಷೆ ಅಲ್ಲ, ನಿಜ.

ನಾಗಸಂದ್ರದಲ್ಲಿ ನಮ್ಮದು ಒಂದು ರೂಮು, ಒಂದು ಹಾಲ್ ಇರುವ ಬಾಡಿಗೆ ಮನೆ. ಮದುವೆಯಾಗಿ ಎರಡು ವರ್ಷ. ಆರು ತಿಂಗಳಿಂದ ಅತ್ತೆ ನಮ್ಮ ಜೊತೆ ಇದ್ದಾರೆ, ಮಂಡಿ ನೋವಿಗೆ ಇಲ್ಲೇ ಡಾಕ್ಟರಿಗೆ ತೋರಿಸುತ್ತಿದ್ದೇವೆ. ಅವರು ಹಾಲ್‌ನಲ್ಲಿ ಮಲಗುತ್ತಾರೆ. ರೂಮಿನ ಬಾಗಿಲು ಹಾಕಿಕೊಂಡರೂ ಒಳಗೆ ಪಿಸುಗುಟ್ಟಿದ್ದು ಹೊರಗೆ ಕೇಳುತ್ತದೆ. ಅತ್ತೆ ಒಳ್ಳೆಯವರು, ಕಷ್ಟ ಇರುವುದೇ ಅಲ್ಲಿ. ನಾವು ಸ್ವಲ್ಪ ದನಿ ಏರಿಸಿದರೂ ಸಾಕು, ಬೆಳಗ್ಗೆ ಎದ್ದು "ನನ್ನಿಂದ ನಿಮಗೆ ತೊಂದ್ರೆ ಆಗ್ತಿದೆ ಕಣವ್ವಾ, ತಿಪಟೂರು ಬಸ್ ಹತ್ತಿಸಿಬಿಡಿ" ಅಂತ ಚೀಲ ಹುಡುಕುತ್ತಾರೆ. ಹಾಗಾಗಿ ದುಡ್ಡಿನ ಮಾತು, ಮುನಿಸು, ಮಗು ಯಾವಾಗ ಅನ್ನೋ ಮಾತು, ಎಲ್ಲವನ್ನೂ ಗಂಟು ಕಟ್ಟಿ ಭಾನುವಾರಕ್ಕೆ ಇಟ್ಟುಕೊಳ್ಳುತ್ತೇವೆ.

ವಾರದ ದಿನ ಕೇಳಲೇಬೇಡಿ. ನಮ್ಮನೆಯವರ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಊರಿನ ಈ ತುದಿ ನಾವು, ಆ ತುದಿ ಆಫೀಸು. ಮೊದಲು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸಿನೊಳಗೆ ನಿಂತುಕೊಂಡೇ ಒಂದು ನಿದ್ದೆ ಮುಗಿಸುತ್ತಿದ್ದರು. 2025ರ ಆಗಸ್ಟ್‌ನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಹೋಗುತ್ತಾರೆ. ಮೊದಮೊದಲು 25 ನಿಮಿಷಕ್ಕೆ ಒಂದು ರೈಲು, ಒಂದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ಜಾತ್ರೆ. ಆದರೂ ಸಮಯ ಉಳಿಯಿತು, ಸುಳ್ಳು ಹೇಳಬಾರದು. ದುಡ್ಡು ಮಾತ್ರ ಉಳಿಯಲಿಲ್ಲ. ಅದೇ ವರ್ಷ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿ ಇದ್ದದ್ದು 90 ಆಗಿತ್ತಲ್ಲ, ನಮ್ಮವರದು ಪೂರಾ ತೊಂಬತ್ತರ ಪ್ರಯಾಣ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಬಸ್ಸಿನಲ್ಲಿ ಹೋಗಿಬರುತ್ತೇನೆ, 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ, ನನಗೆ ಟಿಕೆಟ್ ದುಡ್ಡಿಲ್ಲ. ನಾವಿಬ್ಬರೂ ಬಸ್ ಹತ್ತಿದರೆ ಕಂಡಕ್ಟರು ನನಗೆ ಫ್ರೀ ಟಿಕೆಟ್ ಹರಿದುಕೊಟ್ಟು ಅವರ ಕಡೆ ಕೈ ಚಾಚುತ್ತಾರೆ. "ನಿನ್ನ ಜೊತೆ ಬಂದಿದ್ದಕ್ಕೆ ನಾನು ದಂಡ ಕಟ್ಟಬೇಕು" ಅಂತ ಅವರು ಪ್ರತಿ ಸಲ ಅನ್ನುತ್ತಾರೆ. ಪ್ರತಿ ಸಲ ಅದೇ ಜೋಕು.

ರಾತ್ರಿ ಅವರು ಮನೆ ಸೇರುವಾಗ ಒಂಬತ್ತು. ಊಟ, ಪಾತ್ರೆ, ಮಾರನೇ ದಿನದ ಹುರುಳಿಕಾಯಿ ಬಿಡಿಸೋದು. "ಗ್ಯಾಸ್ ಬುಕ್ ಮಾಡಿದ್ರಾ?" "ಓನರ್‌ಗೆ ಬಾಡಿಗೆ ಹಾಕಿದೆ." ದಿನಕ್ಕೆ ನಮ್ಮ ಮಾತು ಇಷ್ಟು.

ಭಾನುವಾರ ಹೊರಟರೆ ಮಹಡಿ ಮೇಲಿನ ಓನರ್ ಆಂಟಿ ಬಟ್ಟೆ ಒಣಹಾಕುತ್ತಾ "ಈ ವಾರ ಎಲ್ಲಿಗಮ್ಮಾ ಸವಾರಿ?" ಅಂತ ಕೇಳುತ್ತಾರೆ. ಅವರ ಲೆಕ್ಕದಲ್ಲಿ ನಾವು ದುಂದು ಮಾಡುವ ಜೋಡಿ. ನಿಮ್ಮ ಪತ್ರಿಕೆ ಓದುವ ಹಿರಿಯರಲ್ಲೂ ಸುಮಾರು ಜನ ಹಾಗೇ ಅಂದುಕೊಂಡಿರಬಹುದು, ಈಗಿನವರಿಗೆ ಮನೆಯಲ್ಲಿ ಕಾಲು ನಿಲ್ಲೋದಿಲ್ಲ, ಸುಮ್ನೆ ಮಾಲ್ ಸುತ್ತಿ ಸಂಬಳ ಕಳೀತಾರೆ ಅಂತ. ಅವರಿಗೋಸ್ಕರವೇ ಹೋದ ಭಾನುವಾರದ ಕಥೆ ಬರೆಯುತ್ತಿದ್ದೇನೆ.

ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದು ಗಾಂಧಿ ಬಜಾರಿಗೆ ನಡೆದೆವು. ಹೂವಿನ ಅಂಗಡಿ ಸಾಲು, ಅವರೆಕಾಯಿ ರಾಶಿ, ಎಲ್ಲ ನೋಡಿಕೊಂಡು ಹೋದೆವು. ನೋಡೋಕೆ ದುಡ್ಡು ಕೊಡಬೇಕಾಗಿಲ್ವಲ್ಲ. 1943ರಿಂದ ಇರುವ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಹೆಸರು ಬರೆಸಿ ಕಾಯುವವರ ಗುಂಪು ರಸ್ತೆ ತನಕ ಇತ್ತು. ನಮಗೆ ಅಷ್ಟು ತಾಳ್ಮೆ ಇರಲಿಲ್ಲ. ಪಕ್ಕದ ರಸ್ತೆಯ ಒಂದು ದರ್ಶಿನಿಯಲ್ಲಿ ಬೈಟು ಕಾಫಿ ತಗೊಂಡೆವು. ದರ್ಶಿನಿ ಅಂದಮೇಲೆ ಗೊತ್ತಲ್ಲ, ಕುರ್ಚಿ ಇಲ್ಲ, ಎದೆಮಟ್ಟದ ಟೇಬಲ್ಲು ಅಷ್ಟೇ. ಅರ್ಧ ಕಾಫಿಗೆ ಎಷ್ಟು ಹೊತ್ತು ಬೇಕು? ಐದು ನಿಮಿಷ ಎಳೆದೆವು. ಹಿಂದೆ ಒಬ್ಬರು ಇಡ್ಲಿ ತಟ್ಟೆ ಹಿಡಿದುಕೊಂಡು ನಮ್ಮ ಲೋಟವನ್ನೇ ನೋಡುತ್ತಿದ್ದರು. ಜಾಗ ಬಿಟ್ಟೆವು. ಹೋಟೆಲಿನವರನ್ನು ಬೈಯುತ್ತಿಲ್ಲ, ಅವರು ಅಷ್ಟು ಕಡಿಮೆಗೆ ಕಾಫಿ ಕೊಡುವುದೇ ನಾವು ಬೇಗ ಜಾಗ ಖಾಲಿ ಮಾಡ್ತೀವಿ ಅಂತ.

ಜಗಳ ಇನ್ನೂ ಶುರುವೇ ಆಗಿರಲಿಲ್ಲ. ವಿಷಯ ಇಷ್ಟು. ಚೀಟಿ ದುಡ್ಡು ಬರುವುದಿದೆ. ಅದರಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳೋಣ ಅಂತ ಅವರು. ಎರಡು ರೂಮಿನ ಮನೆಗೆ ಹೋಗೋಣ ಅಂತ ನಾನು. ಮನೆ ಬದಲಿಸೋದು ಅಂದರೆ ಹತ್ತು ತಿಂಗಳ ಅಡ್ವಾನ್ಸು ಕೇಳುತ್ತಾರೆ, ಚೀಟಿ ಅಲ್ಲಿಗೇ ಮುಗೀತು. ಇದನ್ನು ನಿಂತುಕೊಂಡು ಮಾತಾಡೋಕೆ ಆಗಲ್ಲ. ಮುಚ್ಚಿದ ಅಂಗಡಿಯೊಂದರ ಕಟ್ಟೆ ನೋಡಿದೆವು, ಯಾರೂ ಕೂರಬಾರದು ಅಂತ ಅಂಚಿಗೆ ಚೂಪು ಕಂಬಿ ಬಡಿದಿದ್ದರು. ಬಸ್ ಸ್ಟಾಪಿಗೆ ಹೋದೆವು, ಅಲ್ಲಿ ಬೆಂಚಿನ ಬದಲು ಸ್ಟೀಲ್ ಪೈಪು, ಅದಕ್ಕೆ ಒರಗಬಹುದು, ಕೂತರೆ ಜಾರುತ್ತೀರಿ. ಕೊನೆಗೆ ಇನ್ನೊಂದು ಅಂಗಡಿಯ ಮೆಟ್ಟಿಲು ಸಿಕ್ಕಿತು. ದಿನವಿಡೀ ಬಿಸಿಲಿಗೆ ಕಾದ ಗ್ರಾನೈಟು. ಕರ್ಚೀಫು ಹಾಸಿ ಕೂತು, "ನೋಡ್ರೀ" ಅಂತ ನಾನು ಶುರುಮಾಡುವಷ್ಟರಲ್ಲಿ ಸೆಕ್ಯುರಿಟಿಯವರು ಬಂದು ನಿಂತರು. ಬೈಯಲಿಲ್ಲ ಪಾಪ. "ಓನರ್ ಕ್ಯಾಮೆರಾದಲ್ಲಿ ನೋಡ್ತಾರೆ ಮೇಡಂ" ಅಂದರು. ಎದ್ದೆವು.

ಪಾರ್ಕಿಗೆ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೋಗಿದ್ದೇವೆ. ಕಳೆದ ವರ್ಷ ಒಂದು ಪಾರ್ಕಿನಲ್ಲಿ, ಯಾವುದು ಅಂತ ಬೇಡ, ಸಂಜೆ ಆರೂವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಮಧ್ಯೆ ಒಂದು ಕಡಲೆಕಾಯಿ ಪೊಟ್ಟಣ. ವಾಚ್‌ಮನ್ ಬಂದು ಬೆಂಚಿಗೆ ಕೋಲಿನಿಂದ ಟಕ್ ಟಕ್ ಅಂತ ಬಡಿದು, "ಗಂಡ ಹೆಂಡ್ತೀನಾ?" ಅಂತ ಕೇಳಿ ನನ್ನ ಕುತ್ತಿಗೆ ನೋಡಿದರು. ನಾನು ದುಪಟ್ಟಾದ ಒಳಗಿಂದ ತಾಳಿ ಎಳೆದು ತೋರಿಸಿದೆ. "ಸಾರಿ ಮೇಡಂ, ಕೂತ್ಕೊಳ್ಳಿ" ಅಂದು ಹೋದರು. ಆಮೇಲೆ ಕೂರೋಕೆ ಆಗಲಿಲ್ಲ. ಪೊಟ್ಟಣ ಅಲ್ಲೇ ಬಿಟ್ಟು ಬಂದೆವು. ಅವರು ಕೇಳಿದ್ದಕ್ಕಿಂತ ನಾನು ತೋರಿಸಿದ್ದು ನನಗೆ ಜಾಸ್ತಿ ನಾಚಿಕೆ ತಂದಿದೆ, ಇವತ್ತಿಗೂ. ತಾಳಿ ಇಲ್ಲದ ಹುಡುಗಿ ಆಗಿದ್ದರೆ? ಮದುವೆಗೆ ಮುಂಚೆ ನಾಲ್ಕು ಮಾತಾಡಿ ಅರ್ಥ ಮಾಡಿಕೊಳ್ಳಿ ಅಂತ ಮನೆಯವರೇ ಹೇಳುತ್ತಾರೆ, ಎಲ್ಲಿ ಕೂತು ಮಾತಾಡಬೇಕು ಅಂತ ಯಾರೂ ಹೇಳುವುದಿಲ್ಲ.

2024ರಲ್ಲಿ ಬಿಬಿಎಂಪಿ ತನ್ನ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡೋಕೆ ಹೇಳಿತ್ತು. ಓದಿ ಖುಷಿಪಟ್ಟಿದ್ದೆ. ಈಗ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾಗಿವೆ. ಹೊಸ ಪಾಲಿಕೆಯವರು ರಾತ್ರಿ ಎಂಟೂವರೆಗೆ ಒಮ್ಮೆ ಹೋಗಿ ಎಷ್ಟು ಗೇಟು ತೆರೆದಿದೆ, ತೆರೆದ ಕಡೆ ಎಷ್ಟು ದೀಪ ಉರಿಯುತ್ತಿದೆ ನೋಡಬೇಕು. ದೀಪ ಇಲ್ಲದ ಪಾರ್ಕು ಹತ್ತರ ತನಕ ತೆರೆದಿದ್ದರೆ ನನ್ನಂಥವಳಿಗೆ ಏನು ಉಪಯೋಗ?

ದುಡ್ಡು ಕೊಟ್ಟರೆ ಕೂರೋಕೆ ಜಾಗ ಇದೆ, ಇಲ್ಲ ಅನ್ನಲ್ಲ. ಮಲ್ಟಿಪ್ಲೆಕ್ಸ್ ಟಿಕೆಟ್ಟಿಗೆ ಸರ್ಕಾರ 200 ರೂಪಾಯಿ ಮಿತಿ ಹಾಕಿದಾಗ ನಾವೂ ಲೆಕ್ಕ ಹಾಕಿದ್ದೆವು, ಹೈಕೋರ್ಟ್ ತಡೆ ಕೊಟ್ಟಿತು, ಲೆಕ್ಕ ಮಡಿಚಿಟ್ಟೆವು. ಅದೂ ಅಲ್ಲದೆ ಸಿನಿಮಾದಲ್ಲಿ ಮಾತಾಡೋಕೆ ಆಗುತ್ತಾ? ಮಾಲ್‌ನ ಫುಡ್ ಕೋರ್ಟಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂತರೆ ಟೇಬಲ್ ಒರೆಸುವ ಹುಡುಗ ಮೂರು ಸಲ ಒರೆಸಿ ಹೋಗುತ್ತಾನೆ.

ನಮಗೆ ಇಷ್ಟವಾದ ಜಾಗಗಳೂ ಇವೆ. ಜೆ.ಪಿ. ನಗರದ ರಂಗಶಂಕರಕ್ಕೆ ಎರಡು ತಿಂಗಳಿಗೊಮ್ಮೆ ನಾಟಕ ನೋಡೋಕೆ ಹೋಗುತ್ತೇವೆ. ಏಳೂವರೆಗೆ ಬಾಗಿಲು ಹಾಕಿದರೆ ಹಾಕಿದ ಹಾಗೇ, ಒಂದು ಸಲ ಎರಡು ನಿಮಿಷ ತಡವಾಗಿ ಹೋಗಿ ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಹೊರಗೇ ಉಳಿದೆವು. ಆವತ್ತು ಮೆಟ್ಟಿಲ ಮೇಲೆ ಎರಡು ಗಂಟೆ ಕೂತು ಮಾತಾಡಿದೆವು, ಯಾರೂ ಏಳಿಸಲಿಲ್ಲ. ನಾಟಕಕ್ಕಿಂತ ಅದೇ ಚೆನ್ನಾಗಿತ್ತು. ವಾಪಸ್ ಬರುವಾಗ ಮೆಟ್ರೊ ಸ್ಟೇಷನ್ನಿಗೆ ಆಟೊ ಬೇಕು. ಮೀಟರ್ ಪ್ರಕಾರ ಮೊದಲ 2 ಕಿ.ಮೀ.ಗೆ 36 ರೂಪಾಯಿ. ಮೀಟರ್ ಪ್ರಕಾರ ಅಂದೆ ಅಷ್ಟೇ, ಸಿಗುತ್ತೆ ಅನ್ನಲಿಲ್ಲ.

ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ಬಿಡುತ್ತಿರಲಿಲ್ಲ. ಆಗ ನಾನಿನ್ನೂ ಪಿ.ಜಿ.ಯಲ್ಲಿದ್ದೆ, ಗೆಳತಿಯರ ಜೊತೆ ಹೋಗಿದ್ದೆ. ಜನ ರಸ್ತೆ ನಡುವೆಯೇ ಕೂತಿದ್ದರು, ಅಜ್ಜಂದಿರು, ಮಕ್ಕಳು, ಜೋಡಿಗಳು, ಯಾರ ಕುತ್ತಿಗೆಯನ್ನೂ ಯಾರೂ ನೋಡುತ್ತಿರಲಿಲ್ಲ. ಅದನ್ನು ಯಾಕೆ ಮುಂದುವರಿಸಲಿಲ್ಲವೋ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದಲ್ಲಿ, ನಮ್ಮ ದಾಸರಹಳ್ಳಿ ಕಡೆಯೂ ತಿಂಗಳಿಗೆ ಒಂದು ಭಾನುವಾರ ಹೀಗೆ ಮಾಡಿದರೆ ಏನು ನಷ್ಟ?

ಇನ್ನೊಂದು ವಿಷಯ ಗಂಡಸರು ಬರೆಯೋದಿಲ್ಲ, ನಾನೇ ಬರೆಯಬೇಕು. ಹೊರಗೆ ಹೊರಟ ದಿನ ನಾನು ನೀರು ಕುಡಿಯುವುದು ಕಡಿಮೆ. ಕಾಫಿ ಬೈಟು ಮಾಡುವುದಕ್ಕೆ ಅರ್ಧ ಕಾರಣ ದುಡ್ಡು, ಇನ್ನರ್ಧ ಶೌಚಾಲಯ. ಬೆಂಚು ಹಾಕುವಾಗ ಅದನ್ನೂ ನೆನಪಿಟ್ಟುಕೊಳ್ಳಿ.

ಗಾಂಧಿ ಬಜಾರಿನಿಂದ ಎದ್ದವರು ಕೊನೆಗೆ ಜಗಳವನ್ನು ಮೆಟ್ರೊದಲ್ಲೇ ಆಡಿದೆವು, ನಿಂತುಕೊಂಡು, ಪಿಸುಮಾತಿನಲ್ಲಿ. ಪೀಣ್ಯ ದಾಟುವಾಗ ಎದುರು ಸೀಟಿನ ಹೆಂಗಸು "ಸ್ಕೂಟರ್ ಬೇಡ ಅನ್ನು ಕಣಮ್ಮಾ, ಮಳೇಲಿ ಕಷ್ಟ" ಅಂದರು.

ಅದಕ್ಕೂ ಹದಿನೈದು ದಿನ ಮುಂಚೆ ಅತ್ತೆಯನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿದ್ದೆವು. 240 ಎಕರೆ ತೋಟ, ಅವರ ಮಂಡಿಗೆ ಗೇಟಿನಿಂದ ನೂರು ಹೆಜ್ಜೆಯೇ ಜಾಸ್ತಿ. ನೆರಳಲ್ಲಿ ಒಂದು ಕಲ್ಲು ಬೆಂಚು ಸಿಕ್ಕಿತು. ಅತ್ತೆ ಸೆರಗಿನಿಂದ ಬೆಂಚು ಒರೆಸಿ, ಚಪ್ಪಲಿ ಬಿಟ್ಟು, ಕಾಲು ನೀಡಿ ಕೂತರು. ಸ್ವಲ್ಪ ಹೊತ್ತು ಮರ ನೋಡಿದರು. ಆಮೇಲೆ ನಮ್ಮ ಕಡೆ ತಿರುಗದೆಯೇ ಅಂದರು: "ನೀವಿಬ್ರೂ ಹೋಗಿ ಒಂದು ಸುತ್ತು ಹಾಕ್ಕೊಂಡು ಬನ್ನಿ. ನಾನಿಲ್ಲೇ ಕೂತಿರ್ತೀನಿ. ವಾರ ವಾರ ಯಾಕೆ ಹೊರಗೆ ಓಡ್ತೀರಾ ಅಂತ ನಂಗೇನು ಗೊತ್ತಿಲ್ವಾ?"

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ನಾಗಸಂದ್ರ, ಬೆಂಗಳೂರು