ಸಂಘದ ಬೈಲಾ ಕರಡು: ದಯವಿಟ್ಟು ಪೂರ್ತಿ ಓದಿ
ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ನಾವು ಕನ್ನಡದ ಮಹಿಳಾ ವಕೀಲರು ಕಟ್ಟುತ್ತಿರುವ ಸಂಘದ ಬಗ್ಗೆ, ಭಾನುವಾರ ಮಾಟುಂಗಾದ ಸಭೆಗೆ ಬರಲು ಆಗದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆಂಗಸು ಎಂಬ ಕಾರಣಕ್ಕೆ ವಕೀಲಿಕೆಯಿಂದ ಹೊರಗಿಡುವಂತಿಲ್ಲ ಅಂತ 1923ರಲ್ಲೇ ಕಾನೂನಾಯಿತು. ಆದರೂ ಇವತ್ತಿಗೂ ಜೂನಿಯರ್ ಹುಡುಗಿಯರು ಕೋರ್ಟಿನಲ್ಲಿ ಬ್ಯಾಂಡ್ (ವಕೀಲರ ಕೊರಳಿನ ಬಿಳಿ ಪಟ್ಟಿ) ಕಟ್ಟಿಕೊಳ್ಳಲು ಜಾಗ ಹುಡುಕುತ್ತಾ ಮೂರು ಮಹಡಿ ಹತ್ತಿ ಇಳಿಯುತ್ತಾರೆ, ಅಲ್ವಾ? ಮೊದಲ ಉದ್ದೇಶ ಅದೇ: ಶೌಚಾಲಯ, ಕೂರಲು ಕೋಣೆ, ಜೂನಿಯರ್‌ಗಳಿಗೆ ತಿಂಗಳಿಗೊಂದು ಗೌರವದ ಸ್ಟೈಪೆಂಡ್.

ಎರಡನೆಯದು, ಬಾಂದ್ರಾ ಫ್ಯಾಮಿಲಿ ಕೋರ್ಟಿಗೆ ಬರುವ ನಮ್ಮ ಕನ್ನಡದ ಹೆಂಗಸರು. ಮರಾಠಿ ಅರ್ಜಿ ಕೈಯಲ್ಲಿ ಹಿಡಿದು ಸುಮ್ನೆ ಬೆಂಚಿನ ಮೇಲೆ ಕೂತಿರುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಇದನ್ನು ಕನ್ನಡದಲ್ಲಿ ಹೇಳುವವರು ಬೇಕು, ಅಷ್ಟೇ.

ಸದಸ್ಯತ್ವ: ಸನ್ನದು (ವಕೀಲಿಕೆಯ ಪರವಾನಗಿ) ಇರುವ ಯಾವ ಮಹಿಳೆಯೂ ಸೇರಬಹುದು, ಕರ್ನಾಟಕದ ಸನ್ನದಾದರೂ ಸರಿ. ಲಾ ಓದುತ್ತಿರುವವರು ಬರಲಿ, ಆದರೆ ಮತ ಇಲ್ಲ. ವರ್ಷಕ್ಕೆ 500 ರೂಪಾಯಿ, ಮೊದಲ ಮೂರು ವರ್ಷದ ಜೂನಿಯರ್‌ಗಳಿಗೆ 100. ಪಕ್ಷದ ಪ್ರಚಾರ ಇಲ್ಲಿ ಬೇಡ. ಗುಡ್ ಮಾರ್ನಿಂಗ್ ಹೂವುಗಳೂ ಬೇಡ!

ನೋಂದಣಿಗೆ ಕನಿಷ್ಠ 7 ಜನರ ಸಹಿ ಬೇಕು, ಐದು ಸಿಕ್ಕಿದೆ. ಇನ್ನಿಬ್ಬರು ಶುಕ್ರವಾರದೊಳಗೆ ನನಗೆ ಮೆಸೇಜ್ ಮಾಡಿ, ಆಧಾರ್ ಪ್ರತಿಯನ್ನು ಮಾತ್ರ ಗುಂಪಿನಲ್ಲಿ ಹಾಕಬೇಡಿ.